ಅಕ್ಕನ ಬೀದಿಯ ಪೈಪಿಗೆ ಕಟ್ಟಿದ ಡಾಬು

ಇದನ್ನು ಹೇಳುವುದನ್ನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಬೇಸಿಗೆಯಾದರೆ ನಲ್ಲಿ ಕೆಲಸ ಜಾಸ್ತಿ ಎನ್ನುವ ನೆಪ, ಮಳೆಗಾಲವಾದರೆ ಮೊಣಕಾಲು ನೋವಿನ ನೆಪ. ಈಗ ಸ್ಪ್ಯಾನರ್ ಹಿಡಿದರೆ ಕೈ ನಡುಗುತ್ತದೆ. ಗುಂಡಿಗೆ ಇಳಿದರೆ ಮೇಲೆತ್ತಲು ಜನ ಬೇಕು. ಕೆಲಸವೇ ನಿಂತ ಮೇಲೆ ನೆಪಗಳೂ ನಿಂತವು.

ಇದು ಒಬ್ಬ ಮನುಷ್ಯನ ಒಳ್ಳೆಯ ಹೆಸರನ್ನು ನಾನು ಕೆಡಿಸಿದ ಕತೆ. ಕೆಡಿಸಿದ್ದು ಒಂದು ಮಾತಿನಲ್ಲಿ. ಸರಿಪಡಿಸಲು ಇನ್ನೊಂದು ಮಾತು ಸಾಕಿತ್ತು. ಆ ಇನ್ನೊಂದು ಮಾತನ್ನು ನಾನು ಆಡಲಿಲ್ಲ. ಆದರೂ ಆ ದಿನಗಳನ್ನು ನೆನೆದರೆ ನಗು ಬರುತ್ತದೆ. ಅವು ಅಷ್ಟು ಸಂತೋಷದ ದಿನಗಳು. ಓದುವವರಿಗೆ ನಗು ಬಂದರೆ ನಗಲಿ. ನಾನೂ ನಗುತ್ತಲೇ ಬರೆಯುತ್ತಿದ್ದೇನೆ.

ನಮ್ಮದು ನಂಜನಗೂಡು. ಅಕ್ಕನನ್ನು ಕೊಟ್ಟಿದ್ದು ನರಸೀಪುರದ ಆಚೆ, ಹೆಮ್ಮಿಗೆ ಕಡೆಯ ಒಂದು ಹಳ್ಳಿಗೆ. ಚಿಕ್ಕಂದಿನಲ್ಲೇ ಅವ್ವ ತೀರಿಕೊಂಡದ್ದರಿಂದ ಅಕ್ಕ ನನ್ನನ್ನು ತನ್ನ ಮನೆಗೆ ಕರೆದುಕೊಂಡಳು. ಅವಳ ಮನೆಯ ಮುದ್ದೆ ಉಂಡು ನರಸೀಪುರದಲ್ಲಿ ಹೈಸ್ಕೂಲು ಮುಗಿಸಿದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಆಗ ಅಕ್ಕ ದಿಣ್ಣೆಯ ಮೇಲಿನ ತನ್ನ ಮನೆಗೆ ಕೆಳಗಿನ ಬಾವಿಯಿಂದ ನೀರು ಹೊರುತ್ತಿದ್ದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. "ನೀನು ದೊಡ್ಡೋನಾಗಿ ಏನಾರ ಆಗು ಮಗಾ, ಈ ನೀರನ್ನ ಮಾತ್ರ ಮೇಲಕ್ಕತ್ತುಸ್ಬುಡು" ಎನ್ನುತ್ತಿದ್ದಳು. ಅವಳು ಅದನ್ನು ತಮಾಷೆಗೆ ಹೇಳಿದ್ದೇ ಇರಬೇಕು. ನಾನು ನಿಜವಾಗಿಯೂ ನಲ್ಲಿ ಕೆಲಸಕ್ಕೇ ಸೇರಿದೆ.

ನಂಜನಗೂಡಿನಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಬೀದಿಯ ದೊಡ್ಡ ಪೈಪಿನಿಂದ ಮನೆಯ ಸಣ್ಣ ಪೈಪಿಗೆ ನೀರು ತರುವ ಆ ಒಂದು ಗೇಣು ಜಾಗದಲ್ಲೇ ಎಲ್ಲ ವಿದ್ಯೆ ಇದೆ ಎನ್ನುತ್ತಿದ್ದರು. ಪೇಟೆಯ ಹಳೆಯ ಬೀದಿಗಳಲ್ಲಿ ಬೀಡುಕಬ್ಬಿಣದ ಪೈಪು. ಅದರ ಗೋಡೆ ದಪ್ಪ. ತೂತು ಕೊರೆದು, ಮರೆ ಎಂದರೆ ತಿರುಪಿನ ಸುರುಳಿಗೆರೆ ಹೊಡೆದು, ಫೆರೂಲು ಎನ್ನುವ ಹಿತ್ತಾಳೆಯ ಸಣ್ಣ ಕೊಳವೆಯನ್ನು ನೇರವಾಗಿ ತಿರುಪಿ ಕೂರಿಸಬಹುದು. ಹೊಸ ಬಡಾವಣೆಯ ಪಿವಿಸಿ ಪೈಪಿಗೆ ಹಾಗೆ ಮಾಡಲಾಗದು, ಗೋಡೆ ತೆಳು. ಅದಕ್ಕೆ ಸ್ಯಾಡಲ್ ಬೇಕು. ಕುದುರೆಯ ಬೆನ್ನಿಗೆ ಜೀನು ಇದ್ದ ಹಾಗೆ ಎರಡು ಅರ್ಧ ಬಳೆ, ಪೈಪಿನ ಸುತ್ತ ಹಾಕಿ ಬೋಲ್ಟಿನಿಂದ ಬಿಗಿದು, ಅದರ ನೆತ್ತಿಯ ತೂತಿಗೆ ಫೆರೂಲು ಕೂರಿಸುವುದು. ಸ್ಯಾಡಲ್ ಸರಿಯಾಗಿ ಕೂತರೆ ನೀವು ಸತ್ತರೂ ಅದು ಸೋರುವುದಿಲ್ಲ.

"ಪೈಪಿನ ಹೆಸ್ರು ಕೇಳ್ಬೇಡ ಕಣ್ಲಾ, ಸೊಂಟ ಕೇಳು" ಎನ್ನುವುದು ಮೇಸ್ತ್ರಿಯ ಮಂತ್ರ. ಮೂರಿಂಚು ಎನ್ನುವುದು ಬರಿಯ ಹೆಸರು. ಬೀಡಿನ ಮೂರಿಂಚು ಬೇರೆ, ಪಿವಿಸಿಯ ಮೂರಿಂಚು ಬೇರೆ, ಹಳೆಯ ಸಿಮೆಂಟ್ ಪೈಪಿನ ಮೂರಿಂಚು ಇನ್ನೂ ಬೇರೆ. ಹೊರಗಿನ ಸುತ್ತಳತೆ ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಗುಂಡಿ ತೋಡಬೇಕು, ಪೈಪು ಒರೆಸಬೇಕು, ದಾರ ಸುತ್ತಿ ಗಂಟು ಹಾಕಿಕೊಳ್ಳಬೇಕು. ಆ ದಾರವನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಮೆಟ್ಟಿಲು ಹತ್ತಿದ ಮೇಲೆ ನನ್ನನ್ನು ಇಳಿಸುವುದು ಕಷ್ಟ. ಸ್ಯಾಡಲ್‌ಗಳನ್ನು ಮೇಜಿನ ಮೇಲೆ ಸುರಿಸಿಕೊಂಡು ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದೆ. ಮರೆಯ ಮೇಲೆ ಉಗುರು ಓಡಿಸುತ್ತಿದ್ದೆ. ರಬ್ಬರಿನ ಬಳೆಯನ್ನು ಮಡಚಿ ಬಿರುಕಿದೆಯೇ ನೋಡಿ, ಮೂಸಿಯೂ ನೋಡುತ್ತಿದ್ದೆ. ಫೆರೂಲನ್ನು ತುಟಿಗಿಟ್ಟು ಊದಿದರೆ ಶುದ್ಧ ಹಿತ್ತಾಳೆಯದು ಒಂದು ಸಣ್ಣ ಸಿಳ್ಳೆ ಹಾಕುತ್ತದೆ ಎಂದು ನನ್ನ ನಂಬಿಕೆ. ಅಂಗಡಿಯವರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಏನ್ ಮೇಸ್ತ್ರಿ ಇದು, ಸೀರೆ ಅಂಗ್ಡೀಲಿ ಹೆಂಗಸ್ರೂ ಇಷ್ಟು ಆರ್ಸಲ್ಲ."

"ಸೀರೆ ಸರಿಯಾಗ್ದಿದ್ರೆ ಬಿಚ್ಚಿ ಇಡಬಹುದು. ಇದನ್ನ ಮಣ್ಣಲ್ಲಿ ಹೂಳ್ಬೇಕು ಕಣಪ್ಪ."

ಅಷ್ಟು ಜಂಬದ ಮಾತಾಡಿದವನು ನಾನು.

ತೊಂಬತ್ತರ ದಶಕದ ನಡುವೆ ಅಕ್ಕನ ಊರಿಗೆ ದೊಡ್ಡ ಟ್ಯಾಂಕು ಬಂತು. ಬೀದಿ ಬೀದಿಗೆ ಪಿವಿಸಿ ಪೈಪು ಹೂತರು. ಮನೆಮನೆಗೆ ನಲ್ಲಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆ ಊರಿನಲ್ಲಿ ಗುಂಡಿ ತೋಡಿದಷ್ಟು ದಿನವೂ ಊರಿಗೆ ಹಬ್ಬ. ಒಂದೊಂದು ಮನೆಯಲ್ಲಿ ನಲ್ಲಿ ಕೂತಾಗಲೂ ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಕಾಯಿ ಒಡೆದು ಗಂಗೆ ಪೂಜೆ ಮಾಡುತ್ತಿದ್ದರು. ಆಮೇಲೆ ಫಿಟ್ಟರನ್ನು ಮಣೆಯ ಮೇಲೆ ಕೂರಿಸಿ ಊಟಕ್ಕಿಡುವುದು ಪದ್ಧತಿಯಾಗಿಬಿಟ್ಟಿತು. ಬೆಳಿಗ್ಗೆ ಒಂದು ಮನೆಯ ಪಾಯಸ, ಮಧ್ಯಾಹ್ನ ಇನ್ನೊಂದು ಮನೆಯ ಪಾಯಸ. ಗುಂಡಿಗೆ ಬಗ್ಗುವುದೇ ಕಷ್ಟವಾಗುತ್ತಿತ್ತು.

ಸ್ಯಾಡಲ್ ಕಟ್ಟುವುದನ್ನು ನೋಡಲು ಹೆಂಗಸರು ಗುಂಡಿಯ ಸುತ್ತ ನಿಲ್ಲುತ್ತಿದ್ದರು. ಅದಕ್ಕೊಂದು ಹೆಸರಿಟ್ಟವಳು ಅಕ್ಕನೇ. "ನೋಡ್ರವ್ವಾ, ನನ್ ತಮ್ಮ ಪೈಪಿಗೆ ಡಾಬು ಕಟ್ತಾವ್ನೆ. ನನ್ ಮದ್ವೇಲಿ ನಂಗೆ ಮಾತ್ರ ಒಂದು ಡಾಬು ಮಾಡುಸ್ನಿಲ್ಲ" ಎಂದಳು. ಸೊಂಟಕ್ಕೆ ಕಟ್ಟುವ ಡಾಬಿಗೂ ಅದಕ್ಕೂ ಹೋಲಿಕೆ ಸರಿಯಾಗೇ ಇತ್ತು. ಅಂದಿನಿಂದ ಆ ಊರಿನಲ್ಲಿ ಸ್ಯಾಡಲ್ ಎಂದರೆ ಯಾರಿಗೂ ತಿಳಿಯದು, ಡಾಬು ಎಂದರೆ ಮಕ್ಕಳಿಗೂ ತಿಳಿಯುತ್ತಿತ್ತು.

ಈ ಹಬ್ಬಕ್ಕೆ ಗಂಟೆ ಬಾರಿಸುವವನು ಊರಿನ ನೀರುಗಂಟಿ. ಮೋಟಾರು ಹಾಕಿ ಟ್ಯಾಂಕು ತುಂಬಿಸಿ, ಬೀದಿ ಬೀದಿಯ ವಾಲು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಸಣಕಲು ಆಳು, ದೊಡ್ಡ ಗಂಟಲು. ವಾಲು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ. ನೀರು ಬಿಡುವ ಮೊದಲು ವಾಲಿನ ಗುಂಡಿಯ ಮುಚ್ಚಳಕ್ಕೆ ಆ ಕೀಲಿಯಿಂದ ಹೊಡೆದು ಸದ್ದು ಮಾಡುತ್ತಿದ್ದ. ಒಂದೊಂದು ಬೀದಿಗೆ ಒಂದೊಂದು ತಾಳ. ಮಾರಿಗುಡಿ ಬೀದಿಗೆ ತಮಟೆಯ ಏಟು, ಅಕ್ಕನ ದಿಣ್ಣೆ ಬೀದಿಗೆ ಸೋಬಾನೆ ಹಾಡಿನ ಓಟ. ಒಳಗೆ ರೊಟ್ಟಿ ತಟ್ಟುತ್ತಿದ್ದವಳಿಗೂ ಇದು ನಮ್ಮ ಬೀದಿಯದೋ ಪಕ್ಕದ್ದೋ ಎಂದು ತಿಳಿಯಬೇಕು. ಅದರ ಮೇಲೆ ಅವನ ಕೂಗು:

"ಗಂಗವ್ವ ಒಂಟವ್ಳೆ, ಕೊಡ ಈಚ್ಗೆ ಮಡಗ್ರವ್ವೋ!"

ಬೇರೆ ಊರುಗಳಲ್ಲಿ ನೀರು ಬಿಡುವವರ ಮೇಲೆ ದಿನಾ ಜಗಳ. ಇವನ ಮೇಲೆ ಒಂದು ದೂರಿಲ್ಲ. ಯಾರ ಬೀದಿಗೂ ಹೆಚ್ಚಿಲ್ಲ ಕಡಿಮೆಯಿಲ್ಲ. "ನಂಗೆ ನೆಂಟ್ರು ಅಂದ್ರೆ ಟ್ಯಾಂಕು ಒಂದೇ" ಎನ್ನುತ್ತಿದ್ದ. ಅವನಿಗೆ ಇದ್ದ ಆಸ್ತಿ ಆ ಹೆಸರು. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಅಕ್ಕನ ಮನೆಗೆ ನಲ್ಲಿ ಕೊಡುವುದನ್ನು ಕೊನೆಗೆ ಉಳಿಸಿಕೊಂಡಿದ್ದೆ, ತಮ್ಮ ಅಕ್ಕನಿಗೇ ಮೊದಲು ಕೊಟ್ಟ ಎಂದು ಯಾರೂ ಅನ್ನಬಾರದೆಂದು. ಗುಂಡಿ ತೋಡಿ ಪೈಪಿನ ಸೊಂಟ ನೋಡಿಕೊಳ್ಳೋಣವೆಂದು ಹಿಂದಿನ ವಾರವೇ ಹಾರೆ ತೆಗೆದುಕೊಂಡು ಹೋದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಗಂಗೆ ಕರ್ಯೋ ಶುಕ್ರುವಾರದ ಗಂಟ ನನ್ ಬಾಗ್ಲು ಮುಂದೆ ಒಂದೇಟೂ ಬೀಳ್ಕೂಡ್ದು. ಸಾರ್ಸಿ ರಂಗೋಲಿ ಬುಟ್ಟಿವ್ನಿ."

"ಅಳತೆ ನೋಡ್ಬೇಕಕ್ಕ."

"ಊರೆಲ್ಲ ಅಳ್ದಿದ್ದೀಯ. ನನ್ ಬೀದಿ ಪೈಪೇನು ಅಮೆರಿಕದಿಂದ ಬಂದದಾ?"

ಬೇರೆಯವರ ಮನೆಯಾಗಿದ್ದರೆ ಜಗಳವಾಡಿ ತೋಡುತ್ತಿದ್ದೆ. ಅಕ್ಕನ ಮುಂದೆ ನನ್ನ ಮಂತ್ರ ನಡೆಯಲಿಲ್ಲ. ಊರೆಲ್ಲ ಪಿವಿಸಿ ಇರುವಾಗ ಇಲ್ಲೂ ಅದೇ ಇರುತ್ತದೆಂದು ಊಹಿಸಿ ಅದೇ ಅಳತೆಯ ಸ್ಯಾಡಲ್ ತಂದೆ. ಅಂಗಡಿಯಲ್ಲಿ ಅತ್ಯಂತ ಚೆಂದದ್ದನ್ನೇ ಆರಿಸಿದೆ. ಕರೀ ಪ್ಲಾಸ್ಟಿಕ್ಕು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಶುಕ್ರವಾರ ಅಕ್ಕ ಹಾರೆಗೂ ಕುಂಕುಮ ಇಟ್ಟಳು. ಬೀದಿಯ ಹೆಂಗಸರೆಲ್ಲ ತಟ್ಟೆ ಹಿಡಿದು ಬಂದು ಜಗಲಿಯ ಮೇಲೆ ಕೂತಿದ್ದರು. ಒಳಗಿಂದ ಒಬ್ಬಟ್ಟಿನ ಹೂರಣದ ವಾಸನೆ. ನೀರುಗಂಟಿ ಬೀದಿಯ ಆ ತುದಿಯಲ್ಲಿ, ವಾಲಿನ ಹತ್ತಿರ, ನನ್ನ ಕೂಗಿಗೆ ಕಾಯುತ್ತ ನಿಂತಿದ್ದ. ಅಗೆದೆ. ಮಣ್ಣು ಸರಿಸಿ ಒರೆಸಿದರೆ ಕೆಳಗೆ ಬೂದು ಬಣ್ಣದ ಸಿಮೆಂಟ್ ಪೈಪು!

ಹಿಂದೆ ಯಾವಾಗಲೋ ಬೀದಿನಲ್ಲಿಗೆಂದು ಹಾಕಿದ್ದ ಹಳೆಯ ಪೈಪಿನ ತುಂಡನ್ನು ದಿಣ್ಣೆಯ ತುದಿಯಲ್ಲಿ ಹಾಗೇ ಬಿಟ್ಟು, ಹೊಸ ಪೈಪನ್ನು ಅದಕ್ಕೆ ಸೇರಿಸಿದ್ದರು. ಆ ತುಂಡಿನ ಮೇಲೆ ಇದ್ದದ್ದು ಅಕ್ಕನ ಮನೆಯೊಂದೇ. ದಾರ ಸುತ್ತಿ ಗಂಟು ಹಾಕಿದೆ. ಸ್ಯಾಡಲ್ ಇಟ್ಟು ನೋಡಿದೆ. ಎರಡು ಅರ್ಧಗಳ ನಡುವೆ ಬೆರಳು ತೂರುವಷ್ಟು ಸಂದು.

ಭಾವ ಮೇಲಿಂದ ಬಗ್ಗಿ ನೋಡಿದರು. "ಏನ್ ಭಾಮೈದ, ಡಾಬು ಹತ್ತಾ ಇಲ್ವಾ? ಪೈಪು ಬಸ್ರಿ ಕಣ್ಲಾ!"

ಜಗಲಿಯ ಮೇಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಮಾಡಬೇಕಾದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಗುಂಡಿಯಿಂದ ಮೇಲೆ ಬಂದು, ಈವತ್ತು ಆಗುವುದಿಲ್ಲ, ದೊಡ್ಡ ಅಳತೆಯ ಕಬ್ಬಿಣದ ಸ್ಯಾಡಲ್ ತರಬೇಕು, ನಾಳೆ ಬರುತ್ತೇನೆ ಎಂದು ಬಸ್ಸು ಹತ್ತಬೇಕಾಗಿತ್ತು. ಆದರೆ ಹೂ ಮುಡಿದ ನಲ್ಲಿ ಅಲ್ಲಿ ನಿಂತಿತ್ತು. ಅಕ್ಕ ಹೊಸ ಸೀರೆ ಉಟ್ಟು ಆರತಿ ಹಿಡಿದಿದ್ದಳು. ಊರಿಗೆಲ್ಲ ನೀರು ಕೊಟ್ಟ ತಮ್ಮ ಅಕ್ಕನಿಗೆ ನಾಳೆ ಎನ್ನುವುದು ಹೇಗೆ?

"ಭಾವ, ಹಳೇ ಸೈಕಲ್ ಟ್ಯೂಬಿದ್ರೆ ಕೊಡಿ" ಎಂದೆ.

ಟ್ಯೂಬು ಕತ್ತರಿಸಿ ಮಡಚಿ ಸಂದಿಗೆ ತುಂಬಿದೆ. ಉದ್ದನೆಯ ಬೋಲ್ಟು ಹಾಕಿ ಬಿಗಿದೆ. ಸ್ಯಾಡಲ್ ಸ್ವಲ್ಪ ಓರೆಯಾಗಿ ಕೂತಿತು. ಅದು ನನ್ನ ಕಣ್ಣಿಗೆ ಬಿತ್ತು. ಬೇಗ ಬೇಗ ಮಣ್ಣು ಎಳೆದು, ಆ ತುದಿಗೆ ಕೈ ಬೀಸಿದೆ. ಕೀಲಿಯ ಸದ್ದು ಬಂತು, ಸೋಬಾನೆಯ ಓಟದಲ್ಲಿ. ನಲ್ಲಿ ಮೊದಲು ಬುಸ್ ಎಂದಿತು, ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು ಕೊಡದೊಳಗೆ ಧೋ ಎಂದು ಬಿತ್ತು. ಅಕ್ಕ ಆರತಿ ಎತ್ತುವುದನ್ನೂ ಮರೆತು ಎರಡು ಕೈಯನ್ನೂ ನೀರಿಗೆ ಒಡ್ಡಿದಳು. ಮೊದಲ ಬೊಗಸೆ ನನ್ನ ತಲೆಯ ಮೇಲೆ ಹಾಕಿದಳು. "ಅತ್ತುಸ್ಬುಟ್ಟೆ ಕಣೋ ಮಗಾ, ನೀರ್ನ ಮೇಲ್ಕೆ ಅತ್ತುಸ್ಬುಟ್ಟೆ!" ಆ ಬೊಗಸೆ ನೀರಿನ ತಂಪು ನನ್ನ ನೆತ್ತಿಯಲ್ಲಿ ಈಗಲೂ ಇದೆ. ಆ ದಿನ ತಿಂದಷ್ಟು ಒಬ್ಬಟ್ಟು ನಾನು ಮತ್ತೆಂದೂ ತಿಂದಿಲ್ಲ. ಸಂಜೆ ಹೊರಡುವಾಗ ನೀರುಗಂಟಿಗೂ ನನಗೂ ಒಂದೊಂದು ಚಿಪ್ಪು ಬಾಳೆಹಣ್ಣು ಕೊಟ್ಟಳು.

ಒಂದೆರಡು ತಿಂಗಳು ಕಳೆದಿರಬೇಕು. ನರಸೀಪುರದ ಬಸ್ಸಿನ ಕಂಡಕ್ಟರ್ ನಂಜನಗೂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದ. "ನಿಮ್ಮಕ್ಕ ಏಳ್ಕಳ್ಸವ್ರೆ. ನಲ್ಲಿ ನೂಲು ತೆಗೀತಾ ಅದಂತೆ, ಬಂದು ಸೀರೆ ನೇಯ್ಕೊಂಡು ಹೋಗ್ಬೇಕಂತೆ."

ಹೋದೆ. ನಲ್ಲಿ ತಿರುಗಿಸುವ ಮೊದಲೇ ನನಗೆ ಗೊತ್ತಾಯಿತು. ಓರೆಯಾಗಿ ಕೂತ ಸ್ಯಾಡಲ್‌ನೊಳಗೆ ದಿನ ದಿನವೂ ನೀರು ತಳ್ಳಿ ತಳ್ಳಿ, ಟ್ಯೂಬಿನ ತುಂಡು ಜಾರಿ ಫೆರೂಲಿನ ಬಾಯಿಗೆ ಅಡ್ಡ ಬಂದಿದೆ. ಹೊರಗೆ ಒಂದು ಹನಿ ಸೋರಿರಲಿಲ್ಲ. ಸೋರಿದ್ದರೆ ಊರಿಗೆಲ್ಲ ಕಾಣುತ್ತಿತ್ತು, ನಾನು ಸುಳ್ಳು ಹೇಳುವ ಪಾಪದಿಂದ ಉಳಿಯುತ್ತಿದ್ದೆ.

ಬೀದಿಯವರು ಸೇರಿದ್ದರು. ಭಾವ ಕೈಕಟ್ಟಿ ನಿಂತಿದ್ದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ತಮ್ಮ ಮುಟ್ಟಿದರೆ ಸರಿಹೋಗುತ್ತದೆ ಎನ್ನುವ ಹಾಗೆ. ಆಗ ನನ್ನ ಬಾಯಿಂದ ಬಂದ ಮಾತು ಇದು:

"ಇದು ಬೀದಿಯ ಕೊನೇ ಮನೆ, ದಿಣ್ಣೆ ಬೇರೆ. ವಾಲು ಪೂರ್ತಿ ತಿರುಗಿಸಿದ್ರೆ ಮಾತ್ರ ನೀರು ಇಲ್ಲಿಗೆ ಹತ್ತೋದು. ಯಾರೋ ಅರ್ಧ ತಿರುಪಿ ಬಿಡ್ತಾ ಇದಾರೆ."

ಯಾರೋ ಎಂದೆ. ವಾಲು ತಿರುಗಿಸುವವನು ಊರಿಗೆ ಒಬ್ಬನೇ.

ಅವನು ಅಲ್ಲೇ ಇದ್ದ. "ಏನ್ ಮಾತಾಡ್ತಿದ್ದೀರಿ ಮೇಸ್ತ್ರಿ? ಬನ್ನಿ, ನಿಮ್ ಕಣ್ಣೆದ್ರುಗೇ ತಿರುಪ್ತೀನಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋಗಿ, ಕೀಲಿ ಇನ್ನು ಒಂದು ಎಳೆಯೂ ತಿರುಗದಷ್ಟು ತಿರುಗಿಸಿ ತೋರಿಸಿದ. ಅಕ್ಕನ ನಲ್ಲಿಯಲ್ಲಿ ಅದೇ ನೂಲಿನೆಳೆಯಷ್ಟು ನೀರು.

"ಈಗ ತಿರುಗಿಸಿದ್ರೆ ಏನಾಯ್ತು?" ಎಂದೆ. "ಟ್ಯಾಂಕಿನ ನೀರೆಲ್ಲ ಕೆಳಗಿನ ಬೀದಿಗೆ ಇಳಿದು ಹೋಗಿರ್ತದೆ. ಬೆಳಿಗ್ಗೆ ಮೊದಲಿಗೇ ತಿರುಗಿಸಬೇಕು."

ಫಿಟ್ಟರಿನ ಮಾತು. ಯಾರು ಎದುರಾಡುತ್ತಾರೆ? ಅದೂ ಅಲ್ಲದೆ ಅವನಿದ್ದ ಬೀದಿ ಬೇರೆ, ನಾನು ನೆಂಟನಾಗಿದ್ದ ಬೀದಿ ಬೇರೆ. ಆ ಊರಿನಲ್ಲಿ ಯಾವ ಬೀದಿಯ ಮಾತಿಗೆ ಎಷ್ಟು ತೂಕ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ತೂಕವನ್ನು ನನ್ನ ಕಡೆಯ ತಕ್ಕಡಿಗೆ ಹಾಕಿಕೊಂಡೆ.

ಮೂಲೆಮನೆಯ ಮುದುಕಿಯೊಬ್ಬಳು ಎಲೆ ಅಡಿಕೆ ಉಗಿದು, "ಅಂಗಾರೆ ಇವ್ನು ಅರೆತಿರುಪ ಅನ್ನು!" ಎಂದಳು. ಬೀದಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಸಂಜೆಯೊಳಗೆ ಅದು ಊರೆಲ್ಲ ಹಬ್ಬಿತು. ಅವನಿಗೆ ತಂದೆತಾಯಿ ಇಟ್ಟ ಹೆಸರು ಹೋಗಿ ಅರೆತಿರುಪ ಎನ್ನುವುದು ನಿಂತಿತು.

ಆ ಬೇಸಿಗೆಯಿಡೀ ಅಕ್ಕ ಕೆಳಗಿನ ಬೀದಿಯಿಂದ ನೀರು ಹೊತ್ತಳು. ಹಳೆಯ ಕಾಲದ ಹಾಗೆ ತಲೆಯ ಮೇಲೊಂದು, ಸೊಂಟದಲ್ಲೊಂದು. ಹೊರುವಾಗಲೂ ನನ್ನನ್ನು ಬಿಟ್ಟುಕೊಡಲಿಲ್ಲ. "ನನ್ ತಮ್ಮ ಸರ್ಯಾಗೇ ಕೊಟ್ಟವ್ನೆ, ಇವ್ನು ಬುಡಲ್ಲ ಅಂತಾನೆ" ಎಂದು ದಾರಿಯುದ್ದಕ್ಕೂ ನೀರುಗಂಟಿಯನ್ನು ಬೈದುಕೊಂಡು ಹತ್ತುತ್ತಿದ್ದಳು. ಅವನು ಅಕ್ಕನ ಬೀದಿಗೆ ಕೀಲಿ ಬಾರಿಸುವುದನ್ನು ನಿಲ್ಲಿಸಿದ. ಬಂದು, ಸುಮ್ಮನೆ ತಿರುಗಿಸಿ, ಸುಮ್ಮನೆ ಹೋಗುತ್ತಿದ್ದ. ಬೇರೆ ಬೀದಿಗಳಲ್ಲಿ ತಮಟೆಯ ಏಟು ಕೇಳುತ್ತಿತ್ತು. ದಿಣ್ಣೆ ಬೀದಿಯ ಹೆಂಗಸರು ಮಾತ್ರ ನೀರು ಬಂತೇ ಎಂದು ನಲ್ಲಿಗೆ ಕಿವಿಗೊಟ್ಟು ಕೂರಬೇಕಾಯಿತು.

ನನ್ನ ಜೇಬಿನಲ್ಲಿ ಆ ಶುಕ್ರವಾರದ ದಾರ ಹಾಗೇ ಇತ್ತು, ಗಂಟಿನ ಸಮೇತ. ಬೀಡಿ ತೆಗೆಯಲು ಕೈ ಹಾಕಿದಾಗಲೆಲ್ಲ ಬೆರಳಿಗೆ ಸಿಗುತ್ತಿತ್ತು.

ಬೇಸಿಗೆಯ ಕೊನೆಯಲ್ಲಿ ತಗಡೂರಿನಲ್ಲಿ ನೆಂಟರ ಮನೆಯ ಬೀಗರೂಟ. ಅಕ್ಕನ ಬೀದಿಗೆ ಬೀದಿಯೇ ಲಾರಿ ಹತ್ತಿ ಹೊರಟಿತು. ಹೊಟ್ಟೆ ಸರಿಯಿಲ್ಲ ಎಂದು ನಾನು ಬರುವುದಿಲ್ಲವೆಂದೆ. ನಂಜನಗೂಡಿನ ಅಂಗಡಿಗೆ ಹೋಗಿ ಜೇಬಿನ ದಾರ ತೆಗೆದು ಮೇಜಿನ ಮೇಲಿಟ್ಟೆ. ಅಗಲವಾದ, ಭಾರದ, ಕಬ್ಬಿಣದ ಸ್ಯಾಡಲ್ ಒಂದು ಆ ದಾರಕ್ಕೆ ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಆ ದಿನ ನಾನು ಆರಿಸಲೂ ಇಲ್ಲ, ಮೂಸಲೂ ಇಲ್ಲ. "ಏನ್ ಮೇಸ್ತ್ರಿ, ಹುಷಾರಾಗಿದ್ದೀರಾ?" ಎಂದು ಅಂಗಡಿಯವರೇ ಕೇಳಿದರು.

ಬಸ್ಸು ಹತ್ತಿ ಅಕ್ಕನ ಊರಿಗೆ ಬಂದು, ಮಧ್ಯಾಹ್ನದ ಬಿಸಿಲಲ್ಲಿ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಅಕ್ಕನ ಬಾಗಿಲ ಮುಂದೆ ಅಗೆದೆ. ಕರೀ ಸ್ಯಾಡಲ್ ಬಿಚ್ಚಿದೆ. ಟ್ಯೂಬಿನ ತುಂಡು ಫೆರೂಲಿನ ಬಾಯಿಯಲ್ಲಿ ನಾಲಗೆಯ ಹಾಗೆ ಚಾಚಿಕೊಂಡಿತ್ತು. ಅದನ್ನು ಎಳೆದು ತೆಗೆದು ಕೈಯಲ್ಲಿ ಹಿಡಿದಿದ್ದೇನೆ, ಮೇಲಿಂದ ನೆರಳು ಬಿತ್ತು.

"ಏನ್ ಮೇಸ್ತ್ರಿ, ಯಾರೂ ಇಲ್ದಾಗ ಗುಂಡಿ ತೋಡ್ತಿದ್ದೀರಿ? ನಿಧಿ ಸಿಕ್ತಾ?"

ನೀರುಗಂಟಿ. ಹೆಗಲ ಮೇಲೆ ಕೀಲಿ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದ. ನಾನು ರಬ್ಬರನ್ನು ಕೊಟ್ಟೆ. ಕೊಡದೆ ಏನು ಮಾಡಲಿ? ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಎಳೆದು ನೋಡಿದ, ಪೈಪಿನ ಬಾಯಿಯನ್ನು ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆ, ಕೀಲಿ ಎತ್ತುತ್ತಾನೆ ಎಂದುಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

"ಓಹೋ! ಅರೆತಿರುಪ ಅಂದ್ರೆ ಇವ್ನಾ? ಇವ್ನು ನನ್ ಹೆಸ್ರು ಎತ್ಕೊಂಡು ಇಲ್ಲಿ ಮನೀಕೊಂಡವ್ನಾ?"

ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುವಿನ ನೀರೋ ಬೇರೆಯದೋ ನಾನು ವಿಚಾರಿಸಲಿಲ್ಲ. ಆಮೇಲೆ ಲುಂಗಿ ಎತ್ತಿ ಕಟ್ಟಿ ಗುಂಡಿಗೆ ಇಳಿದ. ಕೆಳಗಿನ ಅರ್ಧವನ್ನು ಅವನು ಹಿಡಿದ, ಮೇಲಿನ ಅರ್ಧವನ್ನು ನಾನು ಹಿಡಿದೆ. ಇಬ್ಬರ ತಲೆಯೂ ತಾಗುವಷ್ಟು ಹತ್ತಿರ. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ನಾನು ಹೇಳಿದ್ದು, "ಆ ಬೋಲ್ಟು ಈಚೆ ಕೊಡು."

ರಾತ್ರಿ ನಾನು ಅಕ್ಕನ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ಊರಲ್ಲಿದ್ದರು. ಅಕ್ಕ ಅಭ್ಯಾಸಕ್ಕೆ ನಲ್ಲಿ ತಿರುಗಿಸಿದಳು. ನೀರು ಬಂದ ರಭಸಕ್ಕೆ ಕೊಡ ಉರುಳಿ ಹೋಯಿತು. ಅವಳು ಕೂಗಿದ ಕೂಗಿಗೆ ಬೀದಿ ಸೇರಿತು. ನೆನೆದ ಸೆರಗನ್ನೇ ಹಿಂಡುತ್ತ, "ಏನ್ ಮಾಡ್ದೋ ಮಗಾ, ಏನ್ ಮಾಡ್ದೆ?" ಎಂದು ಕುಣಿದಾಡಿದಳು. ನೀರುಗಂಟಿ ಸ್ವಲ್ಪ ದೂರದಲ್ಲಿ ನಿಂತಿದ್ದ. ಹುಬ್ಬು ಮೇಲಕ್ಕೆತ್ತಿ ನನ್ನನ್ನೇ ನೋಡುತ್ತಿದ್ದ, ಹೇಳಿ ಮೇಸ್ತ್ರಿ ಎನ್ನುವ ಹಾಗೆ. ಇಡೀ ಬೀದಿಯೂ ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಏನಿಲ್ಲಕ್ಕ" ಎಂದೆ. "ಅವನಿಗೆ ಸರಿಯಾಗಿ ಬುದ್ಧಿ ಹೇಳಿದೆ. ಇನ್ಮೇಲೆ ಪೂರ್ತಿ ತಿರುಗಿಸ್ತಾನೆ."

ಒಂದು ಗಳಿಗೆ ಅವನ ಮುಖ ಸತ್ತ ಹಾಗಾಯಿತು. ಅಷ್ಟೇ. ಆಮೇಲೆ ಅದೇ ದೊಡ್ಡ ಗಂಟಲು ತೆಗೆದ. "ಊಂ ಕಣವ್ವೋ! ನಿಮ್ ತಮ್ಮ ಬಯ್ದ ಬೈಗ್ಳುಕ್ಕೆ ನನ್ಗಿರ್ಲಿ, ನೀರ್ಗೇ ಬುದ್ಧಿ ಬಂದ್ಬುಡ್ತು!" ಎಂದು ಕೀಲಿ ಎತ್ತಿ ಮುಚ್ಚಳಕ್ಕೆ ಬಡಿದ. ಸೋಬಾನೆಯ ಓಟ. ಬಹಳ ದಿನಗಳ ಮೇಲೆ ದಿಣ್ಣೆ ಬೀದಿಗೆ ಅದು ಕೇಳಿಸಿತು. ಹೆಂಗಸರು ನಕ್ಕರು, ಮಕ್ಕಳು ನೀರೆರಚಿ ಆಡಿದರು. ಆಗ ಕಂಡಿತು, ಕೀಲಿಯ ಹಿಡಿಗೆ ಅವನು ಒಂದು ಕರೀ ರಬ್ಬರು ಸುತ್ತಿ ಕಟ್ಟಿದ್ದ.

ಮುಂದೆ ನಾನು ಆ ಊರಿಗೆ ಹೋದಾಗಲೆಲ್ಲ ಅವನು ದೂರದಿಂದಲೇ ಕೀಲಿ ಎತ್ತಿ ತೋರಿಸುತ್ತಿದ್ದ. "ಮೇಸ್ತ್ರಿ, ರಬ್ಬರು ಗಟ್ಟಿ ಮಾಲು ಕಣ್ರೀ, ಇನ್ನೂ ಬಾಳ್ತಾ ಅ‌ದೆ!" ಸುತ್ತಲಿದ್ದವರಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಬೆವರುತ್ತಿತ್ತು, ನಗುವೂ ಬರುತ್ತಿತ್ತು. ವಿಚಿತ್ರವೆಂದರೆ ನಾವಿಬ್ಬರೂ ಸ್ನೇಹಿತರಾದೆವು. ನನ್ನ ಮಗಳ ಮದುವೆ ನಂಜನಗೂಡಿನ ಛತ್ರದಲ್ಲಿ ಆಯಿತು. ಹೊಸ ಅಂಗಿ ತೊಟ್ಟು ಬಂದಿದ್ದ. ಊಟದ ಹೊತ್ತಿಗೆ ಸರಿಯಾಗಿ ಕೈತೊಳೆಯುವ ನೀರು ನಿಂತಿತು. ಬೀಗರ ಕಡೆಯವರು ಎಂಜಲು ಕೈಯಲ್ಲಿ ಸಾಲಾಗಿ ನಿಂತಿದ್ದರು. ಅವನು ನನ್ನ ಕಿವಿಯ ಹತ್ತಿರ ಬಂದು, "ಯಾವನೋ ಅರ್ಧ ತಿರುಪಿರ್ಬೇಕು ಸಾ, ಬುದ್ಧಿ ಹೇಳೋದಾ?" ಎಂದು, ತಾನೇ ಹೋಗಿ ಛತ್ರದ ಹಿಂದೆ ವಾಲು ಹುಡುಕಿ ತಿರುಗಿಸಿ ಬಂದ. ಹಿತ್ತಲಲ್ಲಿ ಇಬ್ಬರೂ ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು. ಆಗಲೂ ನಾನು ಹೇಳಲಿಲ್ಲ. ನಗು ಇರುವಾಗ ತಪ್ಪೊಪ್ಪಿಗೆ ಯಾಕೆ, ಎಲ್ಲ ತೀರಿಹೋಗಿದೆಯಲ್ಲ ಎಂದುಕೊಂಡೆ. ತೀರಿರಲಿಲ್ಲ. ಛತ್ರದಲ್ಲೂ ಅಕ್ಕನ ಊರಿನವರು ಅವನನ್ನು ಪಂಕ್ತಿಗೆ ಕರೆದದ್ದು ಅದೇ ಹೆಸರಿನಿಂದ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಆ ಊರಿನ ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದರು. ಜೆಸಿಬಿ ದಿಣ್ಣೆಯ ತುದಿಯ ಸಿಮೆಂಟ್ ಪೈಪನ್ನು ಎತ್ತಿ ಅಕ್ಕನ ಬಾಗಿಲ ಮುಂದೆ ಹಾಕಿತು. ಅದರ ಸೊಂಟದಲ್ಲಿ ನನ್ನ ಕಬ್ಬಿಣದ ಸ್ಯಾಡಲ್ ಹಾಗೇ ಬಿಗಿಯಾಗಿ ಕೂತಿತ್ತು. ನಾನು ಹೆಮ್ಮೆಯಿಂದ ನೋಡುತ್ತಿದ್ದೆ. ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಇದ್ಯಾವ ಡಾಬ್ಲಾ? ಅವತ್ತು ನೀನು ಕಟ್ಟಿದ್ದು ಕರೀದು, ಮಿರಮಿರ ಅಂತಿತ್ತು. ಆರತಿ ಇಡ್ಕೊಂಡು ನೋಡ್ತಾನೇ ಇದ್ನಲ್ಲ."

ಹೆಂಗಸರು ಒಡವೆಯನ್ನು ಮರೆಯುವುದಿಲ್ಲ. ನಾನು ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ತಪ್ಪಾಯಿತಕ್ಕ ಎಂದು ಅವಳ ಕಾಲು ಮುಟ್ಟಿದೆ. ಅವಳು ಮೊದಲು ಬಾಯಿ ತೆರೆದು ನೋಡಿದಳು, ಆಮೇಲೆ ನನ್ನ ಬೆನ್ನಿಗೆ ಗುದ್ದಿದಳು, ಆಮೇಲೆ ನಗಲು ಶುರುಮಾಡಿದಳು. "ಅಯ್ಯೋ ನಿನ್ ಮನೆ ಕಾಯೋಗ! ಆ ಬೇಸ್ಗೇಲಿ ನನ್ ಸೊಂಟ ಬಿದ್ದೋಯ್ತಲ್ಲೋ! ರಂಗೋಲಿ ಅಳಿಸ್ಬೇಡ ಅಂದಿದ್ದೂ ನಾನೇ ಬುಡು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಗು ನಿಂತ ಮೇಲೆ ನನ್ನ ಕಡೆ ತಿರುಗಿದಳು.

"ನನ್ ಮಾತು ಅತ್ಲಾಗಿರ್ಲಿ. ನಾನು ಆ ಬೇಸ್ಗೆ ಪೂರಾ ಅವನ್ನ ಬಾಯ್ಗೆ ಬಂದಂಗೆ ಬಯ್ದಿವ್ನಿ. ಅವನ್ಗೆ ಏಳಿದ್ಯಾ?"

"ಅವನಿಗೆ ಗೊತ್ತು ಅಕ್ಕ."

"ಗೊತ್ತಿರಾದು ಬ್ಯಾರೆ, ನೀನು ಏಳಾದು ಬ್ಯಾರೆ. ಓಗು."

ಎದ್ದು ಹೋದೆ. ಅಕ್ಕ ಮಾತ್ರ ತನ್ನ ಪಾಲಿನದನ್ನು ಅಂದೇ ಸಂಜೆ ಮುಗಿಸಿದಳು ಎಂದು ಆಮೇಲೆ ತಿಳಿಯಿತು. ಅವನ ಬೀದಿಗೆ ನಡೆದುಕೊಂಡು ಹೋಗಿ, ಅವನ ಹೆಂಡತಿಯ ಕೈಗೆ ಒಬ್ಬಟ್ಟಿನ ಡಬ್ಬಿ ಕೊಟ್ಟು, ಬೈದದ್ದನ್ನು ಮರೆತುಬಿಡಪ್ಪ ಎಂದು ಅವನಿಗೆ ಹೇಳಿ ಬಂದಳಂತೆ. ನಾನು ಹೋದಾಗ ಅವನು ಟ್ಯಾಂಕಿನ ಕಟ್ಟೆಯ ಮೇಲೆ ಜನರ ನಡುವೆ ಕೂತಿದ್ದ. ಯಾರೋ "ಲೇ ಅರೆತಿರುಪ, ಮೋಟ್ರು ಆಪ್ ಮಾಡ್ಲಾ" ಎಂದರು. ಅವನು "ಓ" ಎಂದು, ಹುಟ್ಟಿದಾಗಿನಿಂದ ಅದೇ ತನ್ನ ಹೆಸರೆನ್ನುವ ಹಾಗೆ, ಎದ್ದ. ನನ್ನನ್ನು ಕಂಡು ಕೀಲಿ ಎತ್ತಿ ನಕ್ಕ. ಅಷ್ಟು ಜನರ ಮುಂದೆ ಹೇಳಿದರೇ ಆ ಹೆಸರು ಅಳಿಯುತ್ತಿತ್ತು. ಅಷ್ಟು ಜನ ಇದ್ದಾರಲ್ಲ ಎಂದೇ ನಾನು ಕೈ ಬೀಸಿ ಹಿಂದಕ್ಕೆ ಬಂದೆ.

ಈಗ ಅವನಿಗೂ ವಯಸ್ಸಾಗಿದೆ. ಕೀಲಿ ಕೆಳಗಿಟ್ಟು ಮನೆಯ ಮುಂದೆ ಬಿಸಿಲಿಗೆ ಕೂರುತ್ತಾನಂತೆ. ಊರಿನ ಮಕ್ಕಳು ಅವನನ್ನು ಅರೆತಿರುಪಜ್ಜ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಆ ಮಾತು ಎಲ್ಲಿಂದ ಬಂತೆಂದು ಅವುಗಳಿಗೆ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಅವನು ಒಂದು ದಿನವೂ ಅರ್ಧ ತಿರುಪಲಿಲ್ಲ. ದಿಣ್ಣೆ ಬೀದಿಗೆ ದಿನವೂ ಪೂರ್ತಿ ನೀರು ಬಿಟ್ಟ. ಅರ್ಧಕ್ಕೆ ನಿಲ್ಲಿಸಿದವನು ನಾನು. ಮೊದಲು ಸ್ಯಾಡಲನ್ನು, ಆಮೇಲೆ ಮಾತನ್ನು. ಆ ಅಡ್ಡಹೆಸರು ನನ್ನದು, ಯಾರಾದರೂ ಅವನಿಂದ ಬಿಡಿಸಿ ನನಗೆ ಕೊಡಲಿ.

ಅಕ್ಕನಲ್ಲಿ ಕ್ಷಮೆ ಕೇಳಿದ್ದಾಯಿತು, ಭಾವನಲ್ಲಿ ಕೇಳಿದ್ದಾಯಿತು, ತೀರಿಹೋದ ನನ್ನ ಮೇಸ್ತ್ರಿಯಲ್ಲೂ ಮನಸ್ಸಿನಲ್ಲೇ ಕೇಳಿದ್ದಾಯಿತು. ಕೇಳದೆ ಉಳಿದಿರುವುದು ಒಬ್ಬನಲ್ಲಿ. ಗುಂಡಿಯೊಳಗೆ ನನ್ನ ಎದುರಿಗೆ ಕೂತು ಸ್ಯಾಡಲ್‌ನ ಕೆಳಗಿನ ಅರ್ಧ ಹಿಡಿದವನು, ನಮ್ಮ ಅಕ್ಕನ ಊರಿನ ನೀರುಗಂಟಿ.